ಕುದುರೆಯನ್ನು ಮುಟ್ಟಬೇಡ

ಬ್ಲಾಝೆನಾ ಬಂದದ್ದು ಗುರುವಾರ, ಅಂಗಡಿ ಮುಚ್ಚುವ ಹೊತ್ತಿಗೆ.
ಉಣ್ಣೆಯ ಕೈಗವಸಿನೊಳಗೆ ಕೈ, ಕೈಯಲ್ಲೊಂದು ಚೀಲ,
ಚೀಲದೊಳಗೆ ಹಳೆ ಟವಲಿನಲ್ಲಿ ಸುತ್ತಿದ
ಇಪ್ಪತ್ತೆರಡು ವರ್ಷದ ಪಿಸ್ತೂಲು.
ಮೀನಿನವಳು ತಕ್ಕಡಿಗೆ ಮೀನಿಡುವ ಹಾಗೆ ಮೇಜಿಗಿಟ್ಟಳು.
"ಇದು ಈಗ ನನ್ನ ಮಾತು ಕೇಳುವುದಿಲ್ಲ, ಹಿನೆಕ್."

ಮಾತು ಕೇಳದಿರುವುದು ಪಿಸ್ತೂಲಲ್ಲ.
ಗವಸು ಕಳಚಿದಾಗ ಕಂಡೆ:
ಬೆರಳ ಗೆಣ್ಣುಗಳು ಶುಂಠಿಯಂತೆ ಊದಿ
ತಂತಮಗೆ ತೋಚಿದ ದಿಕ್ಕಿಗೆ ಹೊರಟಿದ್ದವು.
ಓಲ್ಶಾವಾ ಹೊಳೆದಡದ ಕ್ಲಬ್ಬಿನಲ್ಲಿ
ಇಪ್ಪತ್ತೈದು ಮೀಟರು ಆಚೆಯ ಕಾಗದಕ್ಕೆ
ಒಂದೇ ತೂತಿನಲ್ಲಿ ಮೂರು ಗುಂಡು ಪೋಣಿಸಿದ ಬೆರಳುಗಳು.
ಈಗ ಸೌತೆಕಾಯಿ ಭರಣಿಯ ಮುಚ್ಚಳ ತಿರುಗಿಸಲು
ಎದುರುಮನೆಯ ಪೋರನನ್ನು ಕೂಗುತ್ತಾಳಂತೆ,
ಅವನು ಪ್ರತಿ ಸಲವೂ ಕೂಲಿಯೆಂದು ಎರಡು ಸೌತೆಕಾಯಿ ಎತ್ತುತ್ತಾನಂತೆ.

ಡ್ರಾಯರು ಎಳೆದೆ.
ನನ್ನ ಡ್ರಾಯರುಗಳಲ್ಲಿ ದೊಡ್ಡದೆಂಬುದು ಯಾವುದೂ ಇಲ್ಲ:
ಗಸಗಸೆಗಿಂತ ತುಸು ದಪ್ಪದ ಪಿನ್ನು,
ಕಿರುಬೆರಳ ಉಗುರಿನಷ್ಟು ಗುಂಡಿ,
ಅಲ್ಪವಿರಾಮದಂಥ ಒಂದು ಕೊಕ್ಕೆ.
ಕೈಜಾರಿದರೆ ಅರ್ಧ ದಿನ ಮಂಡಿಯೂರಿ,
ಅಯಸ್ಕಾಂತ ಹಿಡಿದು, ನೆಲಕ್ಕೇ ಪ್ರಾರ್ಥನೆ.

ಸ್ಪ್ರಿಂಗು ಬದಲಿಸಿದೆ. ಹಳೆಯದು ಹೊರಬಂದು
ಮೇಜಿನ ಮೇಲೆ ಒಮ್ಮೆ ಉರುಳಿ
ನಿಟ್ಟುಸಿರಿಟ್ಟ ಹಾಗೆ ಉದ್ದವಾಯಿತು.
ಈಗ ಎಳೆ, ಅಂದೆ. ಎಳೆದಳು.
ಉಕ್ಕು ಹಿಂದೆ ಸರಿಯಿತು, ಎಣ್ಣೆ ಕಂಡ ಬಾಗಿಲಂತೆ.
ಹುಬ್ಬೇರಿಸಿದಳು. ಹೊಗಳಲಿಲ್ಲ.

ಮ್ಯಾಗಜಿನ್ ಬಿಡಿಸುವ ಗುಂಡಿಗೆ
ಎರಡು ಮಿಲಿಮೀಟರು ಹೆಚ್ಚು ಉದ್ದ.
ಎರಡೇ. ನೀವು ನಗಬಹುದು.
ಹೆಬ್ಬೆರಳು ಮುಟ್ಟಲಾರದ ಕಡೆ
ಎರಡು ಮಿಲಿಮೀಟರೆಂದರೆ
ಕೊನೆಯ ಬಸ್ಸು ತಪ್ಪಿದ ರಾತ್ರಿ ಮನೆಗಿರುವ ದೂರ.
ಹಿಡಿಗೆ ತೆಳ್ಳನೆಯ ಅಕ್ರೋಟು ಮರ ಕೂರಿಸಿ
ಅರದಿಂದ ಅಂಚು ಉಜ್ಜುತ್ತಿದ್ದಾಗ ಅವಳೆಂದಳು:

"ಕಾರ್ಖಾನೆಯಲ್ಲಿ ನನ್ನದೂ ಇದೇ ಕೆಲಸ.
ಮೂವತ್ತೊಂದು ವರ್ಷ, ದಿನಕ್ಕೆ ನಾನ್ನೂರು ಗುಂಡಿ,
ಚೂಪು ತೆಗೆಯುವುದು, ತಟ್ಟೆಗೆ ಹಾಕುವುದು.
ಗೋಡೆಯ ನಕ್ಷೆಯಲ್ಲಿ ಒಂದು ಕೈಯಿತ್ತು,
ಎಲ್ಲ ಅಳತೆಯೂ ಆ ಕೈಗೆ.
ಯಾವನದೋ ಏನೋ.
ನಾವೆಲ್ಲ ಮುದುಕಿಯರಾದೆವು,
ಆ ಕೈಗೆ ವಯಸ್ಸೇ ಆಗಲಿಲ್ಲ."

ಅರ ನಿಲ್ಲಿಸದೆ ಕೇಳಿಸಿಕೊಂಡೆ.
ಉಳಿದದ್ದು ಕುದುರೆ,
ತೋರುಬೆರಳು ಎಳೆಯುವ ಆ ಬಾಗಿದ ಕೊಕ್ಕೆ.
ನನ್ನ ಹೆಸರಿರುವುದೇ ಆ ಕೆಲಸಕ್ಕೆ.
"ಭಾರ ಅರ್ಧಕ್ಕಿಳಿಸುತ್ತೇನೆ," ಅಂದೆ, "ಉಸಿರು ತಾಕಿದರೆ ಸಾಕು,
ರೇಷ್ಮೆ ನೋಡು, ರೇಷ್ಮೆ."

ಅವಳ ಸೊಟ್ಟ ಅಂಗೈ ಪಿಸ್ತೂಲನ್ನು ಮುಚ್ಚಿತು.

"ಅದನ್ನು ಮುಟ್ಟಬೇಡ."

"ನೋಯುವುದಿಲ್ಲವೆ?"
"ನೋಯುತ್ತದೆ."

ಆಮೇಲೆ, ಗವಸಿನ ದಾರ ಕೀಳುತ್ತಾ:
"ಒಂದು ಚಳಿಗಾಲ. ದೀಪ ಹಸಿರಾಯಿತು ಅಂದುಕೊಂಡೆ.
ಆಗಿರಲಿಲ್ಲ. ಕಾಗದ ಬದಲಿಸುವ ಹುಡುಗ
ಹಲಗೆಯ ಹಿಂದಿನಿಂದ ತಲೆ ಎತ್ತಿದ,
ಕೆಂಪು ಟೋಪಿ, ಬಾಯಲ್ಲಿ ಗುಂಡುಸೂಜಿ.
ನಾನು ಅರ್ಧ ಎಳೆದಾಗಿತ್ತು, ಹಿನೆಕ್.
ಇನ್ನರ್ಧ ಭಾರವಿತ್ತು.
ಆ ಭಾರದಲ್ಲೇ ಅವನು ಬೆಳೆದ, ಮದುವೆಯಾದ,
ಈಗ ನಿನಗೂ ನನಗೂ ಅಂಚೆ ತರುತ್ತಾನೆ.
ಉಳಿದದ್ದೆಲ್ಲ ಸಲೀಸು ಮಾಡು.
ಯೋಚಿಸಲು ನನಗೊಂದು ಬಿಗಿ ಜಾಗ ಬೇಕು."

ಹಣ ಎಣಿಸಿಕೊಟ್ಟಳು, ನಾಣ್ಯಗಳನ್ನು ಹೆಕ್ಕಲಾಗದೆ
ಮೇಜಿನಂಚಿಗೆ ಸರಿಸಿ ಸರಿಸಿ.
ಹಳೆಯ ಸ್ಪ್ರಿಂಗು, ಹಳೆಯ ಗುಂಡಿಯನ್ನೂ ಕೇಳಿ
ಲಕೋಟೆಯಲ್ಲಿ ಹಾಕಿಸಿಕೊಂಡಳು.
ಯಾಕೆಂದು ನಾನು ಕೇಳಲಿಲ್ಲ.

ರಾತ್ರಿ ಇನ್ನೊಬ್ಬ ಗಿರಾಕಿಯ ಪಿಸ್ತೂಲು ಕಾಯುತ್ತಿತ್ತು,
ಕಟ್ಟಿದ ಚೀಟಿಯಲ್ಲಿ ದೊಡ್ಡ ಅಕ್ಷರ:
ಕುದುರೆ ಆದಷ್ಟೂ ಹಗುರವಾಗಲಿ.
ಅರ ಎತ್ತಿಕೊಂಡೆ. ದೀಪ ಹತ್ತಿರ ಎಳೆದೆ.
ಕೆಳಗಿಟ್ಟೆ.
ಸೋಮವಾರ ಫೋನು ಮಾಡಿ ಕೇಳಬೇಕು
ಅಷ್ಟೊಂದು ಅವಸರ ಏನೆಂದು.