ಪಾರ್ಟ್ ಎಂಬ ಕ್ರಿಯಾಪದ

ದುರ್ಗಿಗುಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ
ಸಂಜೆ ಆರೂವರೆಯ ಇಂಗ್ಲಿಷ್ ಕ್ಲಾಸು.
ಕೆಳಗೆ ಯಂತ್ರ ಒಂದನ್ನೇ ಎರಡು ಮಾಡುತ್ತಿರುತ್ತದೆ,
ಮೇಲೆ ನಾನು
ಒಂದು ಪದವನ್ನು ಬಿಡಿಸುತ್ತಿರುತ್ತೇನೆ.

ಇವತ್ತಿನದು ಪಾರ್ಟ್.
ಸ್ಕೂಟರಿನ ಪಾರ್ಟು, ಕಂಪನಿ ನಾಟಕದ ಪಾರ್ಟು
ನಿಮಗೆ ಗೊತ್ತಿದ್ದದ್ದೇ.
ಅದೇ ಪದ ಕೂತಲ್ಲಿಂದ ಎದ್ದು
ಚಪ್ಪಲಿ ಹುಡುಕತೊಡಗಿದರೆ ಕ್ರಿಯಾಪದ.

ಬೋರ್ಡಿನ ಮೇಲೆ ಅಗಲು ಎಂದು ಬರೆದೆ.
ಬರೆದಾದ ಮೇಲೆ ನೋಡುತ್ತೇನೆ,
ಅದರೊಳಗೇ ಅಗಲ ನಿಂತಿದೆ, ಉದ್ದಗಲದ ಅಗಲ.
ನಮ್ಮಲ್ಲಿ ಅಗಲಿದವರು ದೂರ ಹೋಗುವುದಿಲ್ಲವೇನೋ,
ಇದ್ದಲ್ಲೇ ಇರುತ್ತಾರೆ ದಡಗಳ ಹಾಗೆ.
ಜುಲೈ ತಿಂಗಳ ತುಂಗೆ
ನಡುವಿನದನ್ನು ಮಾಡಿಕೊಳ್ಳುತ್ತಾಳೆ.

‘ಮೇಡಂ, ಇದು ಶ್ರದ್ಧಾಂಜಲಿ ಪದ’ ಎಂದಳು ಫಿಲೋಮಿನಾ.
ಪೇಪರಿನಲ್ಲಿ ಅಗಲಿದವರೆಲ್ಲ ಫೋಟೋದಲ್ಲಿರುತ್ತಾರೆ.
ಇಂಗ್ಲಿಷಿನಲ್ಲಿ ಸಾಯಬೇಕಿಲ್ಲ ಎಂದೆ,
ಬಸ್ ಸ್ಟ್ಯಾಂಡಿನಲ್ಲೂ ಆಗುತ್ತದೆ, ಕೈ ಕುಲುಕಿ.

ಸಲೂನು ಗುತ್ಯಪ್ಪ, ಐವತ್ತೆರಡು,
ಕಿಟಕಿ ಪಕ್ಕ ಕೂರುವವನು, ಕೈ ಎತ್ತಿದ:
‘ಕೂದಲಿಗೂ ಇದೇನಾ?’
ಹೌದು, ಬೈತಲೆ ತೆಗೆಯುವುದು.
‘ಹಂಗಾದ್ರೆ ದಿನಾ ಮಾಡ್ತೀನಿ.
ಎಡಕ್ಕೆ ಇಪ್ಪತ್ತು, ಬಲಕ್ಕೆ ಮೂರು.
ನಡುಮಧ್ಯ ತೆಗೀರಿ ಅನ್ನೋ ಗಂಡಸರು
ಈಗ ಯಾರೂ ಬರಲ್ಲ.’

ಆಮೇಲೆ ವ್ಯಾಕರಣ. ದೇ ಪಾರ್ಟೆಡ್.
ಇಬ್ಬರೂ ಕರ್ತೃ. ಅಕರ್ಮಕ ಎಂದೆ,
ಯಾರ ಕರ್ಮವೂ ಇದರಲ್ಲಿಲ್ಲ.
ಅಂದು, ಒಂದು ಕ್ಷಣ ಸುಮ್ಮನಾದೆ.

ನಮ್ಮ ಬೀದಿಯಲ್ಲಿ ಇದಕ್ಕೆ ಬೇರೆ ಪ್ರಯೋಗವಿದೆ,
ನಲ್ಲಿಯ ಹತ್ತಿರ, ತಗ್ಗಿದ ದನಿಯಲ್ಲಿ:
ಗಂಡ ಬಿಟ್ಟವಳು.
ಗಂಡನೋ? ಗಂಡನನ್ನೋ?
ವಿಭಕ್ತಿ ಪ್ರತ್ಯಯ ಎಲೆಯಡಿಕೆಯ ಜೊತೆ
ಬಾಯಲ್ಲೇ ಕರಗಿರುತ್ತದೆ.
ಯಾರು ಯಾರನ್ನು ಎಂದು ಕೇಳುವವರಿಲ್ಲ,
ಕೊನೆಗೆ ಉಳಿಯುವುದು ಅವಳು ಮಾತ್ರ,
ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿಯ
ಗೀಟಿನಂತೆ.
ಹೂವನ್ನೂ ಗಿಡ ಬಿಡುತ್ತದೆ ನಮ್ಮ ಭಾಷೆಯಲ್ಲಿ.
ಅದು ಅಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಪಾಠ ಮುಂದುವರಿಸಿದೆ.
ಜನರಾದರೆ ಪಾರ್ಟ್ ಫ್ರಮ್,
ವಸ್ತುವಾದರೆ ಪಾರ್ಟ್ ವಿತ್.

ಔಷಧಿ ಅಂಗಡಿಯ ಜೈತುನಾ
ಪೆನ್ನಿನ ತುದಿ ಕಚ್ಚುತ್ತಾ ಕೇಳಿದಳು:
‘ವಿತ್ ಅಂದ್ರೆ ಜೊತೆ ಅಲ್ವಾ ಮಿಸ್?
ಜೊತೆ ಇಟ್ಕೊಂಡು ಅಗಲೋದು ಹೆಂಗೆ?’

ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ.
ಯಾರೂ ಕೇಳಿರಲಿಲ್ಲ.
ರೂಢಿ ಎಂದೆ. ಬಾಯಿಪಾಠ ಮಾಡಿಕೊಳ್ಳಬೇಕು ಎಂದೆ.
ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟುಬಿಡುವುದು,
ಕೊಡುವಾಗ ಕೈ ತುಸು ಜೊತೆಗೇ ಹೋಗುತ್ತದಲ್ಲ,
ಹಾಗೆ ಎಂದೆ.

‘ಒಂದು ಉದಾಹರಣೆ, ಮಿಸ್.’

ಮೇಜಿನ ಮೇಲೆ ನನ್ನ ಸ್ಟೀಲು ಡಬ್ಬಿ ಇತ್ತು.
ಎಲ್ಲ ಬಿಟ್ಟು ಬಂದೆ. ಗಾದ್ರೆಜ್ ಬೀರು, ಮಿಕ್ಸಿ,
ಅವನು ನನ್ನ ಇಂಗ್ಲಿಷನ್ನು ಅಣಕಿಸುತ್ತಿದ್ದ ಆ ಹಜಾರ.
ಇದೊಂದು ಹೇಗೋ ಚೀಲದಲ್ಲಿ ಬಂತು,
ಅವತ್ತಿನ ಅನ್ನದ ಸಮೇತ.
ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ:
ತೀರ್ಥೇಶ – ಸುಲೋಚನ, ಮದುವೆಯ ಸವಿನೆನಪಿಗೆ.
ಆರು ವರ್ಷ ತೆಂಗಿನ ನಾರು ಹಾಕಿ ತಿಕ್ಕಿದ್ದಕ್ಕೆ
ಅವನ ಹೆಸರಿನ ಒಂದು ದೀರ್ಘ ಮಾತ್ರ ಸವೆದಿದೆ.

ಗುತ್ಯಪ್ಪ ತನ್ನ ಹಳೆಯ ಕುರ್ಚಿಯನ್ನು ಮಾರಲು ಒಪ್ಪಲಿಲ್ಲ,
ಹೀಡ್ ನಾಟ್ ಪಾರ್ಟ್ ವಿತ್ ಇಟ್,
ಎಂದು ಬರೆಸಿದೆ.
ಎಲ್ಲರೂ ನಕ್ಕರು. ಗುತ್ಯಪ್ಪನೂ.

ಎಂಟಕ್ಕೆ ಕ್ಲಾಸು ಬಿಟ್ಟಿತು.
ಕರೆಂಟು ಹೋಗುವ ಮೊದಲು ಉಣ್ಣೋಣವೆಂದರೆ
ಡಬ್ಬಿಯ ಬಾಯಿ ಬಿಗಿ.
ಬಿಸಿಯನ್ನ ತುಂಬಿ ಮುಚ್ಚಿದ್ದೆ, ನನ್ನದೇ ತಪ್ಪು.
ಹೊರಟಿದ್ದ ಗುತ್ಯಪ್ಪ ತಿರುಗಿ ಬಂದು
ಮೇಜಿನಂಚಿಗೆ ನಾಲ್ಕು ಸುತ್ತ ತಟ್ಟಿ
ಬಿಡಿಸಿಕೊಟ್ಟ. ಮುಚ್ಚಳವನ್ನು ಬೆಳಕಿಗೆ ಹಿಡಿದು
ಕಣ್ಣು ಕಿರಿದು ಮಾಡಿದ:
‘ಇದ್ಯಾರ ಹೆಸರು ಮೇಡಂ?’

ಪಾತ್ರೆ ಅಂಗಡಿಯವರದು ಎಂದೆ.