ಮೊಸರಿನ ಡಬ್ಬಿ, ಸೋಮವಾರದಿಂದ

ಹದಿನಾಲ್ಕು ವರ್ಷ ಹೆಕ್ಕಿ ಬಿಸಾಕಿದ್ದೇನೆ ಇದನ್ನು:
ಮೊಸರಿನ ಡಬ್ಬಿ, ಬೆರಳುದ್ದದ್ದು, ತಳದಲ್ಲಿ
ಅಂಟಿಕೊಂಡ ಒಂದಿಷ್ಟು ಸ್ಟ್ರಾಬೆರಿ.
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ನೋಡಬೇಕಿಲ್ಲ,
ಬೆಲ್ಟು ಓಡುತ್ತದೆ, ಕೈ ಹೋಗುತ್ತದೆ, ಬರುತ್ತದೆ.

ಲಿಯೇಜ್ ಊರಿನಾಚೆ, ಮ್ಯೂಸ್ ಹೊಳೆಯ ಮಗ್ಗುಲಲ್ಲಿ
ತಗಡಿನ ಈ ಷೆಡ್ಡಿಗೆ ಬರುವುದೆಲ್ಲ ನೀಲಿ ಚೀಲ.
ಬಾಟಲಿ ಸರಿ, ತವರದ ಡಬ್ಬ ಸರಿ, ಹಾಲಿನ ರಟ್ಟು ಸರಿ.
ಉಳಿದದ್ದು ತಪ್ಪು. ತಪ್ಪಿದ ಚೀಲದ ಮೇಲೆ
ಕೆಂಪು ಅಂಗೈಯ ಚೀಟಿ; ಬಾಗಿಲಲ್ಲೇ ಬಿಟ್ಟು ಲಾರಿ ಮುಂದೆ.
ನಮ್ಮತ್ತೆಗೂ ಬಂದಿತ್ತು ಒಮ್ಮೆ, ಒಂದೇ ಒಂದು ಡಬ್ಬಿಗೆ.
ಎರಡು ದಿನ ಬೀದಿಗೆ ಮುಖ ತೋರಿಸಲಿಲ್ಲ ಅವಳು,
ಚರ್ಚಿನ ಹಿತ್ತಾಳೆಯನ್ನೆಲ್ಲ ಉಜ್ಜಿ ಹೊಳೆಯಿಸಿದವಳು.

ಶುಕ್ರವಾರ ತಿಬೋ ಬಂದ, ಕೈಯಲ್ಲಿ ಕಾಗದ.
ಮೇಸ್ತ್ರಿ ಅಂದರೆ ಅವನೇ, ನನ್ನ ಮಗನ ವಯಸ್ಸು.
"ಪ್ರಾಂತದ ಹೊಸ ನಿಯಮ. ಸೋಮವಾರದಿಂದ
ಮೊಸರಿನ ಡಬ್ಬಿ ಸರಿ. ಬೆಣ್ಣೆಯದ್ದೂ. ತೆಳು ಹಾಳೆಯೂ.
ಚಿಪ್ಸಿನ ಪೊಟ್ಟಣ..." ಅಲ್ಲಿ ಅವನೇ ತಡವರಿಸಿದ,
ಫೋನಿನ ಬೆಳಕು ಹಿಡಿದು ಮತ್ತೆ ಓದಿದ. "ಅದೂ."

ಹಾಗಾದರೆ ಇಷ್ಟು ವರ್ಷದವು? ಕೇಳಿದೆ.
ಹೊಳೆಯಾಚೆಯ ಚಿಮಣಿ ತೋರಿಸಿದ, ಗಲ್ಲದಿಂದ.

ಡಬ್ಬಿಯಂತೂ ಬದಲಾಗಿಲ್ಲ. ಅದೇ ಸ್ಟ್ರಾಬೆರಿ, ಅದೇ ಹುಳಿ ವಾಸನೆ.

ಎದುರು ನಿಂತ ಬುರಿಮ್ ನಕ್ಕ. ಕೊಸೊವೊದವನು.
ಅವನಜ್ಜ ಒಂದೇ ಮನೆಯ ಒಂದೇ ಕಿಟಕಿಯಿಂದ
ಮೂರು ದೇಶಗಳಲ್ಲಿ ಹಿಮ ಬೀಳುವುದು ನೋಡಿದನಂತೆ.
"ಆರು ವರ್ಷ ಈ ಊರಲ್ಲಿ ನಾನು ತಪ್ಪು, ಗಿಸ್ಲೆನ್.
ಒಂದು ಬುಧವಾರ ಯಾರೋ ಎಲ್ಲೋ ಒಂದು ಸಾಲು ತಿದ್ದಿದರು.
ಮಧ್ಯಾಹ್ನ ಟಪಾಲು ಬಂತು: ಸರಿ.
ಬೆಳಿಗ್ಗೆ ಕ್ಷೌರ ಮಾಡಿಕೊಂಡ ಮುಖವೇ, ಅದೇ ಕೋಟು..."
ಅಷ್ಟರಲ್ಲಿ ಬೆಲ್ಟು ಹೊರಟಿತು, ಉಳಿದ ಮಾತು ಕೇಳಿಸಲಿಲ್ಲ.

ಸೋಮವಾರ. ಕಾಲು ಗಂಟೆಯೂ ಆಗಿಲ್ಲ,
ನೋಡುತ್ತೇನೆ: ಕಾಲ ಬಳಿಯ ತೊಟ್ಟಿಯಲ್ಲಿ
ನಲವತ್ತೋ ಐವತ್ತೋ ಮೊಸರಿನ ಡಬ್ಬಿ.
ಕಾಗದ ತಲೆಯ ವಿಳಾಸಕ್ಕೆ ಬಂದಿತ್ತು,
ಕೈಗೆ ಯಾರೂ ಓದಿ ಹೇಳಿರಲಿಲ್ಲ.
ತಿಬೋ ಬೆಲ್ಟು ನಿಲ್ಲಿಸಿದ. ಬೈಯಲಿಲ್ಲ.

ಮಂಡಿಯೂರಿ ಒಂದೊಂದನ್ನೇ ಎತ್ತಿ ಮೇಲಿಟ್ಟೆ.
ಬುರಿಮ್ ಆ ಕಡೆಯಿಂದ ಬಂದು ಪಕ್ಕ ಕೂತ,
ಒಂದರ ಮುಚ್ಚಳ ಸುಲಿದ, ಅದು ಬೇರೆ ಹೋಗಬೇಕಂತೆ.
ಕಾಗದಕ್ಕೆ ಎರಡನೆಯ ಪುಟವೂ ಇತ್ತು,
ನಾನು ತಿರುವಿರಲಿಲ್ಲ.