ತಾವು

ಎಂಟು ವರ್ಷ ಆತು ನಾ ಬಾದಾಮಿ ಕಡಿಂದ
ಈ ಉಪ್ಪುಗಾಳಿಗೆ ಬಂದು.
ಪಾಂಡೇಶ್ವರದ ಟ್ರಾಫಿಕ್ ಠಾಣೆ, ಯಂಕಪ್ಪ ತಳವಾರ.
ನನ್ನ ಮಾತು ಒರಟು ಅಂತ ಇಲ್ಲಿಯವರು ನಗತಿದ್ರು,
ನಕ್ಕೋತನ ದಂಡ ಕಟ್ಟತಿದ್ರು.

ಹೋದ ಜೂನಿನ್ಯಾಗ ಎದಿಗೆ ಕ್ಯಾಮರಾ ಹಚ್ಚಿದ್ರು.
ಕಡ್ಡಿಪೆಟಗಿಯಷ್ಟು, ನೆತ್ತಿಮ್ಯಾಲೆ ಕೆಂಪು ಚುಕ್ಕಿ.
ಸಾಹೇಬ್ರು ಹಾಳಿ ಕೊಟ್ಟು ಓದಿಸಿದ್ರು:
"ತಾವು ದಯವಿಟ್ಟು ವಾಹನ ಬದಿಗೆ ನಿಲ್ಲಿಸಿ."
ನಮ್ಮಪ್ಪಗೂ ನಾ 'ತಾವು' ಅಂದಾಂವ ಅಲ್ಲ.

ಚುಕ್ಕಿ ಹತ್ತಿತು ಅಂದ್ರ
ಬಾಯಾಗಿನ ಬಾದಾಮಿ ಬಂದ್ ಆಗತೈತಿ,
ಯಾರದೋ ಇಸ್ತ್ರಿ ಮಾಡಿದ ಕನ್ನಡ ಹೊರಗ ಬರತೈತಿ.

ಮೊನ್ನಿ ಧಕ್ಕೆಯ ತಿರುವಿನ್ಯಾಗ ಜಲಜಕ್ಕ,
ಸ್ಕೂಟರಿಗೆ ಮೀನಿನ ಬುಟ್ಟಿ ಬಿಗದು.
ತಲಿಗೆ ಹೆಲ್ಮೆಟ್ ಇಲ್ಲ, ಮಲ್ಲಿಗಿ ಮಾತ್ರ.
ಬಂಗುಡೆಯ ಮುಳ್ಳು ಬಿಡಸೂದು ಕಲಿಸಿದಾಕಿ,
ಜ್ವರ ಬಂದಾಗ ಗಂಜಿ ಕಳಿಸಿದಾಕಿ.
"ತಾವು ಲೈಸೆನ್ಸ್ ತೋರಿಸಿ" ಅಂದೆ.
ಆಕಿ ಮಾರಿ ಸಣ್ಣದಾತು:
"ದಾನೆ ಪೊಲೀಸೆರೆ, ಎನ್ನ ಮಿತ್ತ್ ಕೋಪನಾ?"
ಸಿಟ್ಟಲ್ಲ ಜಲಜಕ್ಕ, ಅಂತ ಹೇಳೂದು
ಹಾಳ್ಯಾಗ ಬರದಿದ್ದಿಲ್ಲ.
ಐದುನೂರು ಎಣಿಸಿ ಕೊಟ್ಲು, ಹಸಿ ನೋಟು.
ರಶೀದಿ ಹರದು ಕೊಟ್ಟೆ.
ವಾರಕ್ಕೊಮ್ಮೆ ಸೀಟಿನ ಕೆಳಗಿಂದ ಬರತಿದ್ದ ಬೂತಾಯಿ ಪೊಟ್ಟಣ
ಅವತ್ತು ಬರಲಿಲ್ಲ.
ಅದು ಲಂಚ ಇತ್ತೇನು, ಪ್ರೀತಿ ಇತ್ತೇನು,
ನಾ ಯಾವತ್ತೂ ಕೇಳಕೊಂಡಾಂವ ಅಲ್ಲ.
ಈಗ ಕೇಳಕೋಬೇಕಾಗೈತಿ.

ಸುಳ್ಳ್ಯಾಕ ಹೇಳಲಿ,
ಸಫ್ವಾನ್ ಅನ್ನೋ ಹುಡುಗಗ
ಇದ ತಿರುವಿನ್ಯಾಗ, ಕ್ಯಾಮರಾ ಬರೂಕಿಂತ ಮೊದಲ,
ಕಪಾಳಕ್ಕ ಹೊಡದಿದ್ದೆ.
ಎದುರು ಮಾತಾಡಿದ್ದ, ಅಷ್ಟ.
ನಿನ್ನಿ ಮತ್ತ ಸಿಕ್ಕ. ನನ್ನ ಮಾರಿ ನೋಡಲಿಲ್ಲ,
ಎದಿ ನೋಡಿದ.
ಚುಕ್ಕಿ ಹತ್ತೇತಿ ಅಂತ ಖಾತ್ರಿ ಮಾಡಕೊಂಡು
ಆಮ್ಯಾಲೆ ಉಸಿರು ಬಿಟ್ಟ.
ಆ ಉಸಿರಿನ ಸಪ್ಪಳ ಕ್ಯಾಮರಾದಾಗ ಬಂದೈತೋ ಇಲ್ಲೋ.
ನನಗ ಕೇಳಿಸ್ತು.

ರಾತ್ರಿ ಯಂತ್ರ ಚಾರ್ಜಿಗೆ ಹಾಕಿ ಕ್ವಾರ್ಟರ್ಸಿಗೆ ಬಂದೆ.
ಮಗ ಲೆಕ್ಕದಾಗ ಸೊನ್ನಿ ತಂದಿದ್ದ.
ಕೈ ಎತ್ತಿದೆ.
ಎತ್ತಿದ್ದು ಎತ್ತಿದಾಂಗ ನಿಂತು
ಕಣ್ಣು ನನ್ನ ಎದಿಗೇ ಹೋತು:
ಖಾಕಿಮ್ಯಾಲೆ ಕ್ಲಿಪ್ಪಿನ ಎರಡು ಹಲ್ಲಿನ ಗುರುತು.
ಯಾರೂ ನೋಡಾಕತ್ತಿಲ್ಲ.
ಹುಡುಗ ನೋಡಾಕತ್ತಾನ,
ಪೆನ್ಸಿಲ್ ಕಚ್ಚಕೋತ.